ಡಾಕ್ಟ್ರಮ್ಮನ ಗಿಡ

ಅವರ ಬಲಗೈ ಹೆಬ್ಬೆರಳು ಮಡಚಿದರೆ ಟಕ್ ಎಂದು ಸದ್ದಾಗುತ್ತಿತ್ತು. ವರ್ಷಗಟ್ಟಲೆ ದ್ರಾವಣ ಅಳೆದು ಹಾಕುವ ಪಿಪೆಟ್ಟಿನ ಗುಂಡಿ ಒತ್ತಿ ಒತ್ತಿ ಬೆರಳಿನ ಬುಡ ಊದಿಕೊಂಡು, ಗೆಣ್ಣು ಒಂದು ಪಕ್ಕಕ್ಕೆ ವಾಲಿತ್ತು. ಮಡಚಿದ ಬೆರಳನ್ನು ಬಿಡಿಸಲು ಎಡಗೈಯ ನೆರವು ಬೇಕಾಗುತ್ತಿತ್ತು. ‘ಯಾರಿಗಾದ್ರೂ ತೋರಿಸಬಾರ್ದಾ ಮೇಡಂ’ ಎಂದರೆ ‘ನಾನೇ ಡಾಕ್ಟರ್ ಅಲ್ವಾ?’ ಎಂದು ಗದರುತ್ತಿದ್ದರು. ಡಾಕ್ಟರೇನೋ ಹೌದು, ಆದರೆ ಗಿಡಗಳ ರೋಗ ಓದಿದ ಡಾಕ್ಟರು. ಸೋಮವಾರಪೇಟೆ ಸುತ್ತಿನ ಜನಕ್ಕೆ ಈ ವ್ಯತ್ಯಾಸ ಕೊನೆಯವರೆಗೂ ಸರಿಯಾಗಿ ತಲೆಗೆ ಹೋಗಲಿಲ್ಲ. ಎಲ್ಲರಿಗೂ ಅವರು ಡಾಕ್ಟ್ರಮ್ಮ. ಸಂತೆ ದಿನ ಯಾರಾದರೊಬ್ಬರು ಕೆಮ್ಮುತ್ತಾ ಬಂದು ನಮ್ಮ ಲ್ಯಾಬಿನ ಬೆಂಚಿನ ಮೇಲೆ ಕೂತಿರುತ್ತಿದ್ದರು. ಅವರನ್ನು ಸಮಾಧಾನ ಮಾಡಿ ಆಸ್ಪತ್ರೆಯ ದಾರಿ ಹಿಡಿಸುವುದೂ ನನ್ನ ನೌಕರಿಯ ಒಂದು ಭಾಗವಾಗಿತ್ತು.

ಲ್ಯಾಬು ಎಂದರೆ ದೊಡ್ಡದೇನೂ ಅಲ್ಲ. ಏಲಕ್ಕಿ ಬೆಳೆಗಾರರ ಸೊಸೈಟಿಯೊಂದರ ಹಳೆಯ ಏಲಕ್ಕಿ ಒಣಗಿಸುವ ಮನೆ. ಗೋಡೆಗೆ ಸುಣ್ಣ ಹೊಡೆಸಿ, ಎರಡು ಫ್ರಿಜ್ಜು, ಬಣ್ಣ ಅಳೆಯುವ ಒಂದು ಯಂತ್ರ ಇಟ್ಟಿದ್ದರು. ಎಷ್ಟು ಒರೆಸಿದರೂ ಗೋಡೆ ಏಲಕ್ಕಿ ವಾಸನೆ ಬಿಡುತ್ತಿರಲಿಲ್ಲ. ನಾನು ಕುಶಾಲನಗರದ ಕಡೆಯವಳು. ನಮ್ಮ ತಾತನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ನೆಲೆ ನಿಂತ, ಶುಂಠಿ, ಜೋಳ ಬೆಳೆಯುವ ಮನೆ ನಮ್ಮದು. ಏಲಕ್ಕಿ ನನಗೆ ಗೊತ್ತಿದ್ದುದು ಪಾಯಸದಲ್ಲಿ ಮಾತ್ರ. ಬಿ.ಎಸ್ಸಿ. ಮುಗಿಸಿ, ಬಸ್ಸು ಹತ್ತಿ ಬಂದು ಕೆಲಸಕ್ಕೆ ಸೇರಿದ ಮೊದಲ ದಿನವೇ ಅವರು ನನ್ನ ಕೈಗೆ ಒಂದು ಎಲೆ ಕೊಟ್ಟು ‘ಏನು ಕಾಣ್ತದೆ?’ ಎಂದರು.

‘ರೋಗ ಬಂದಿದೆ ಮೇಡಂ.’

‘ರೋಗ ಕಾಣ್ತದಾ ನಿಂಗೆ? ಕಣ್ಣಿಗೆ ಏನು ಕಾಣ್ತದೆ ಅದನ್ನ ಹೇಳು.’

ತಿಳಿಹಸಿರು ಗೆರೆಗಳು ಎಂದೆ. ‘ಹಾಂ, ಹಾಗೆ ಹೇಳ್ಬೇಕು. ಒಳ್ಳೇದು ಕೆಟ್ಟದ್ದು ಆಮೇಲೆ. ಮೊದ್ಲು ಬಣ್ಣ ಹೇಳು.’ ಇದೊಂದು ಮಾತನ್ನು ಆ ಬಳಿಕ ಎಷ್ಟು ಸಲ ಕೇಳಿಸಿಕೊಂಡೆನೋ! ಕೆಲವು ದಿನ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು.

ಆ ಗೆರೆಗಳು ಕಟ್ಟೆ ರೋಗದವು. ಏಲಕ್ಕಿಗೆ ಬರುವ ವೈರಸ್ ಅದು. ಗಿಡಹೇನು ಒಂದು ಗಿಡದ ರಸ ಹೀರಿ ಇನ್ನೊಂದಕ್ಕೆ ಅಂಟಿಸುತ್ತದೆ. ಬಂದ ಗಿಡಕ್ಕೆ ಔಷಧವಿಲ್ಲ, ಕಿತ್ತು ಸುಡಬೇಕು. ರೋಗವಿರುವ ಬುಡದಿಂದ ಬಿಡಿಸಿದ ಕಂದು, ಅಂದರೆ ಮರಿಗಿಡ, ನೆಟ್ಟರೆ ರೋಗವನ್ನೇ ನೆಟ್ಟಂತೆ. ಅದಕ್ಕಾಗಿ ನೆಡುವ ಮೊದಲೇ ಎಲೆ ಅರೆದು, ರಸ ತೆಗೆದು ಪರೀಕ್ಷೆ ಮಾಡಿ ಹೇಳುವುದು ನಮ್ಮ ಕೆಲಸ. ಪುಟ್ಟ ಪುಟ್ಟ ಕುಳಿಗಳಿರುವ ಪ್ಲಾಸ್ಟಿಕ್ ಪ್ಲೇಟಿನ ತಳಕ್ಕೆ ಆ ವೈರಸ್ಸನ್ನೇ ಹುಡುಕಿ ಹಿಡಿಯುವ ಆಂಟಿಬಾಡಿಯನ್ನು ಅಂಟಿಸಿರುತ್ತೇವೆ. ಮೇಲೆ ಎಲೆಯ ರಸ ಹಾಕುತ್ತೇವೆ. ವೈರಸ್ ಇದ್ದರೆ ಆಂಟಿಬಾಡಿ ಅದನ್ನು ಹಿಡಿದುಕೊಳ್ಳುತ್ತದೆ. ತೊಳೆದು, ಬಣ್ಣ ತರಿಸುವ ಎರಡನೆಯ ಆಂಟಿಬಾಡಿ ಹಾಕಿದರೆ, ವೈರಸ್ ಸಿಕ್ಕಿಬಿದ್ದ ಕುಳಿ ಹಳದಿಗೆ ತಿರುಗುತ್ತದೆ.

ಹಳದಿ ಎಷ್ಟಿದ್ದರೆ ರೋಗ? ಅದಕ್ಕೆ ಪ್ರತಿ ಪ್ಲೇಟಿನಲ್ಲೂ ಆರೋಗ್ಯವಾದ ಗಿಡವೊಂದರ ರಸ ಇಡಬೇಕು. ಅದರ ಬಣ್ಣಕ್ಕಿಂತ ಎರಡು ಪಟ್ಟು ಹೆಚ್ಚು ಬಂದರೆ ರೋಗ. ಆ ಆರೋಗ್ಯದ ಗಿಡ ಡಾಕ್ಟ್ರಮ್ಮನದೇ ಆಗಿತ್ತು.

ಆ ಗಿಡಕ್ಕೊಂದು ಹಿನ್ನೆಲೆ ಇತ್ತು. ಘಟ್ಟದ ಅಂಚಿನಲ್ಲಿ ಕಟ್ಟೆ ಬಂದು ಪೂರಾ ಹಾಳಾಗಿದ್ದ ತೋಟವೊಂದರಲ್ಲಿ ಒಂದೇ ಒಂದು ಬುಡ ಹಸಿರಾಗಿ, ಗೊನೆ ಬಿಟ್ಟು ನಿಂತಿತ್ತಂತೆ. ಆಗಿನ್ನೂ ನೌಕರಿಯಲ್ಲಿದ್ದ ಅವರು ಅದನ್ನು ಬೇರು ಸಮೇತ ಅಗೆದು, ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ನಿವೃತ್ತರಾಗಿ ಊರಿಗೆ ಬಂದ ಮೇಲೆ ಅದನ್ನೇ ಬೆಳೆಸಿ ಒಂದು ತೋಟ ಮಾಡಿದರು. ಗೆರೆ ಎಂಬುದು ಅದರ ಎಲೆಯ ಮೇಲೆ ಎಂದೂ ಮೂಡಲಿಲ್ಲ. ಸೊಸೈಟಿ ವರ್ಷವರ್ಷವೂ ಅದರ ಕಂದು ಹಂಚತೊಡಗಿತು. ‘ಡಾಕ್ಟ್ರಮ್ಮನ ಗಿಡ’ ಎಂಬ ಹೆಸರೇ ಬಿತ್ತು. ಅವರು ಜಂಬದ ಹೆಂಗಸಲ್ಲ. ಆದರೆ ಯಾರಾದರೂ ಆ ಗಿಡವನ್ನು ಹೊಗಳಿದಾಗ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಅದು ಅವರು ಸಂತೋಷಪಡುವ ರೀತಿ.

ಅಂಥದರಲ್ಲಿ ಶನಿವಾರಸಂತೆ ಕಡೆಯ ಒಬ್ಬ ಗೌಡರು ಎಲೆ ಹಿಡಿದುಕೊಂಡು ಬಂದರು. ವಯಸ್ಸಾದವರು, ಗಟ್ಟಿ ದನಿ. ಎಲೆಯ ಮೇಲೆ ಗೆರೆ ಎದ್ದು ಕಾಣುತ್ತಿತ್ತು.

‘ಪಕ್ಕದ ತ್ವಾಟದೋರು ನಿಮ್ ಗಿಡ ಹಾಕಿದ್ ಮ್ಯಾಲೇ ನನ್ ತ್ವಾಟಕ್ಕೆ ಇದು ಬಂತು ಡಾಕ್ಟ್ರಮ್ಮ’ ಎಂದರು.

‘ಪಕ್ಕದ ತೋಟದಲ್ಲಿ ಗೆರೆ ಇದೆಯಾ?’

‘ಇಲ್ಲ. ಅದು ಲಕಲಕ ಅಂತೈತೆ. ಸಾಯ್ತಿರೋದು ನಂದೇಯ.’

ಡಾಕ್ಟ್ರಮ್ಮ ಪಕ್ಕದ ತೋಟದ ಎಲೆಯನ್ನೂ ತಮ್ಮ ಗಿಡದ ಎಲೆಯನ್ನೂ ಮತ್ತೆ ಪರೀಕ್ಷಿಸಿದರು. ಏನೂ ಇರಲಿಲ್ಲ. ಹಾಗೆಂದು ಹೇಳಿ ಕಳಿಸಿದರು. ಗೌಡರು ಮರುವರ್ಷ ಮತ್ತೆ ಬಂದರು. ಈ ಸಲ ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತು ಸೊಸೈಟಿಗೆ ಬಂದವರಿಗೆಲ್ಲ ಕೇಳುವ ಹಾಗೆ ‘ಇವ್ರ ಗಿಡವೇ ಮಾರಿ ಕಣ್ರಪ್ಪಾ’ ಎಂದು ಕೂಗಾಡಿದರು. ಡಾಕ್ಟ್ರಮ್ಮ ಕಿಟಕಿಯಿಂದಲೇ, ‘ನನ್ ಗಿಡದಲ್ಲಿ ಇಲ್ಲ ಗೌಡ್ರೇ. ಇದ್ರೆ ನಾನೇ ಬಂದು ನಿಮ್ಗೆ ಹೇಳ್ತೀನಿ’ ಎಂದು ಸಿಟ್ಟಿನಲ್ಲೇ ಹೇಳಿ ಕದ ಹಾಕಿಕೊಂಡರು. ನನಗಂತೂ ಗೌಡರ ಮೇಲೆ ಮೈಯೆಲ್ಲ ಉರಿಯಿತು. ಆದರೆ ಡಾಕ್ಟ್ರಮ್ಮ ಅವತ್ತು ಊಟ ಮಾಡಲಿಲ್ಲ. ಮಧ್ಯಾಹ್ನವಿಡೀ ಖಾಲಿ ಪ್ಲೇಟೊಂದನ್ನು ಬೆಳಕಿಗೆ ಹಿಡಿದು ನೋಡುತ್ತಾ ಕೂತಿದ್ದರು.

‘ಏ ಹುಡುಗಿ, ನೀನು ಕಾಫಿ ತೋಟದ ಹಾಜರಿ ನೋಡಿದ್ದೀಯಾ?’ ಎಂದು ಕೇಳಿದರು.

ನೋಡಿದ್ದೇನೆ ಎಂದೆ.

‘ಲೆಕ್ಕ ಬರೆಯೋ ರೈಟ್ರು ಬೆಳಿಗ್ಗೆ ಎಲ್ಲರ ಹೆಸರೂ ಕೂಗ್ತಾನೆ. ಎಲ್ಲರೂ ಇದ್ದಾರೆ. ಆದ್ರೆ ಅರ್ಧ ಜನ ಗಿಡಕ್ಕೆ ಬೆನ್ನು ಹಾಕಿ ನಿಂತಿದ್ರೆ ಹಣ್ಣು ಪಿಕ್ಕಿಂಗ್ ಎಷ್ಟಾಗ್ತದೆ?’

ಆಂಟಿಬಾಡಿಗೆ ಒಂದು ಕಾಲು, ಎರಡು ಕೈ. ಹಿಡಿಯುವುದು ಕೈಯಿಂದ. ನಾವು ಅದನ್ನು ಪ್ಲಾಸ್ಟಿಕ್ಕಿನ ಮೇಲೆ ಸುಮ್ಮನೆ ಸುರಿದಾಗ ಅದು ಹೇಗೆಂದರೆ ಹಾಗೆ ಅಂಟಿಕೊಳ್ಳುತ್ತದೆ. ಕೆಲವು ಮಗ್ಗುಲಾಗಿ, ಕೆಲವು ಬೋರಲಾಗಿ, ಕೈಗಳು ಅಡಿಗೆ ಸಿಕ್ಕಿಕೊಂಡು. ವೈರಸ್ ಧಾರಾಳವಾಗಿದ್ದರೆ ಇಷ್ಟೇ ಸಾಕು. ಒಂಚೂರು ಮಾತ್ರ ಇದ್ದರೆ ಹಿಡಿಯಲು ಬಿಡುವಾದ ಕೈಗಳೇ ಇರುವುದಿಲ್ಲ. ಎಲ್ಲವೂ ಕಾಲೂರಿ ಕೈ ಮೇಲೆತ್ತಿ ನಿಲ್ಲುವ ಹಾಗೆ ಮಾಡಿದರೆ? ‘ಇಲ್ಲ ಅಂತ ಹೇಳೋಕೆ ಮುಂಚೆ ಸರಿಯಾಗಿ ಹುಡುಕಿರ್ಬೇಕಲ್ವಾ’ ಎಂದರು. ಗೌಡರ ಹೆಸರು ಎತ್ತಲಿಲ್ಲ. ಆದರೆ ಇಬ್ಬರಿಗೂ ಅವರೇ ಮನಸ್ಸಿನಲ್ಲಿದ್ದರು.

ಹೀಗೆ ಶುರುವಾಯಿತು. ಪ್ಲೇಟಿನ ತಳಕ್ಕೆ ಮೊದಲು ಇನ್ನೊಂದು ಪ್ರೋಟೀನಿನ ಹಾಸು ಹಾಕಬೇಕು. ಈ ಹಾಸಿನ ಗುಣವೆಂದರೆ, ಅದು ಆಂಟಿಬಾಡಿಯ ಕಾಲನ್ನು ಮಾತ್ರ ಹಿಡಿಯುತ್ತದೆ. ಮೇಲೆ, ಮೊಲದ ರಕ್ತದಿಂದ ತೆಗೆದ ನಮ್ಮ ಆಂಟಿಬಾಡಿ ಬಿಟ್ಟರೆ ಅವು ಶಿಸ್ತಾಗಿ ನಿಲ್ಲುತ್ತವೆ. ಮೊದಲ ಪ್ಲೇಟು ಮಾಡಿದ ದಿನ ಎಲ್ಲ ಕುಳಿಗಳೂ ಹಳದಿಯಾದವು. ಎಲೆಯ ರಸವೇ ಹಾಕದ ಕುಳಿಯೂ ಅರಿಸಿನ ಕಲಸಿದ ಹಾಗಾಯಿತು. ನಾನು ಕಂಗಾಲಾದೆ. ಅವರು ತಮ್ಮ ಹಣೆಯನ್ನೇ ಚಚ್ಚಿಕೊಂಡರು. ಬಣ್ಣ ತರುವ ಎರಡನೆಯ ಆಂಟಿಬಾಡಿಯೂ ಮೊಲದ್ದೇ ಆಗಿತ್ತಲ್ಲ, ಹಾಸಿನಲ್ಲಿ ಖಾಲಿ ಉಳಿದಿದ್ದ ಜಾಗಗಳು ಅದರ ಕಾಲನ್ನೂ ಹಿಡಿದುಕೊಂಡಿದ್ದವು. ಆ ಹಾಸು ಹಿಡಿಯದಂಥ ಪ್ರಾಣಿಯದು ಬೇಕಿತ್ತು.

‘ಕೋಳಿ’ ಎಂದರು ಡಾಕ್ಟ್ರಮ್ಮ.

ಲ್ಯಾಬಿನ ಹಿತ್ತಿಲಿಗೆ ಕೋಳಿಗಳು ಬಂದವು. ಅವಕ್ಕೆ ಕಟ್ಟೆಯ ವೈರಸ್ಸನ್ನೇ ಚುಚ್ಚುಮದ್ದಾಗಿ ಕೊಟ್ಟು, ಮೊಟ್ಟೆಯ ಹಳದಿಯಿಂದ ಆಂಟಿಬಾಡಿ ತೆಗೆಯುವುದು. ಮೊಟ್ಟೆಗಳನ್ನು ಒಂದು ತಟ್ಟೆಯಲ್ಲಿ ಜೋಡಿಸಿ ಇಟ್ಟಿದ್ದೆವು. ಸೊಸೈಟಿಯ ಅಧ್ಯಕ್ಷರು, ಪಾಪ ಒಳ್ಳೆಯ ಮನುಷ್ಯ, ನಾಟಿಕೋಳಿ ಮೊಟ್ಟೆ ಎಂದು ಖುಷಿಯಿಂದ ಮನೆಗೆ ಒಯ್ದು ಆಮ್ಲೆಟ್ ಮಾಡಿಸಿ ತಿಂದೇಬಿಟ್ಟರು. ವಿಷಯ ತಿಳಿದ ಮೇಲೆ ಮುಖ ಸಣ್ಣಗೆ ಮಾಡಿಕೊಂಡು ಬಂದು, ‘ನಂಗೇನೂ ಕಟ್ಟೆ ಬರಲ್ವಲ್ಲಾ ಮೇಡಂ?’ ಎಂದು ಕೇಳಿದರು. ‘ಬಂದ್ರೆ ಗೆರೆ ಮೂಡ್ತದೆ, ನೋಡ್ಕೊಳ್ಳಿ’ ಎಂದರು ಡಾಕ್ಟ್ರಮ್ಮ, ಒಂಚೂರೂ ನಗದೆ. ಆ ಬೇಸಿಗೆಯಲ್ಲಿ ನಾನು ಹೊಟ್ಟೆ ತುಂಬ ನಕ್ಕದ್ದು ಅದೊಂದೇ ದಿನ.

ಕೋಳಿಯ ಆಂಟಿಬಾಡಿ ಕೈಗೆ ಬಂದು ಪ್ಲೇಟು ಸರಿಯಾಗುವ ಹೊತ್ತಿಗೆ ಮಳೆಗಾಲ ಬಾಗಿಲಿಗೆ ಬಂದಿತ್ತು. ಆ ಶನಿವಾರ ಕಂದು ಹಂಚುವುದೆಂದು ಸೊಸೈಟಿ ಊರೂರಿಗೆ ತಿಳಿಸಿತ್ತು. ಡಾಕ್ಟ್ರಮ್ಮನ ತೋಟದಿಂದ ಕಂದುಗಳನ್ನು ಬಿಡಿಸಿ ಶೆಡ್ಡಿನಲ್ಲಿ ರಾಶಿ ಹಾಕಿದ್ದರು. ಗುರುವಾರ ಬೆಳಿಗ್ಗೆ ನಾವು ಹೊಸ ಪ್ಲೇಟಿಗೆ ರಸ ಹಾಕಿದೆವು. ಮೊದಲ ಸಾಲಿಗೆ ರಸವಿಲ್ಲದ ಬರೀ ದ್ರಾವಣ. ಎರಡನೆಯದಕ್ಕೆ, ಹಿಂದೆ ಗೌಡರು ತಂದುಕೊಟ್ಟಾಗ ಫ್ರಿಜ್ಜಿನಲ್ಲಿಟ್ಟಿದ್ದ ಎಲೆ. ಮೂರನೆಯದಕ್ಕೆ ಎಂದಿನಂತೆ ಆರೋಗ್ಯದ ಗಿಡ.

ಬಣ್ಣ ಬರುವ ದ್ರಾವಣ ಹಾಕಿ ಕಾಯುತ್ತಾ ಕೂತೆವು. ಮೊದಲ ಸಾಲು ನೀರಿನ ಹಾಗೇ ಉಳಿಯಿತು. ಗೌಡರ ಸಾಲು ನೋಡನೋಡುತ್ತಲೇ ಹಳದಿಯಾಯಿತು. ನನಗೆ ಕುಣಿಯುವಷ್ಟು ಸಂತೋಷ. ಪ್ಲೇಟು ಗೆದ್ದಿತ್ತು. ಅಷ್ಟರಲ್ಲಿ ಮೂರನೆಯ ಸಾಲಿನ ತಳದಲ್ಲಿ ಏನೋ ಕಂಡ ಹಾಗಾಯಿತು. ಕಣ್ಣುಜ್ಜಿಕೊಂಡೆ. ಮತ್ತೆ ನೋಡಿದೆ.

‘ಮೇಡಂ, ಮೂರನೇ ಸಾಲಲ್ಲಿ ಏನೋ ತಪ್ಪಾಗಿದೆ.’

‘ತಪ್ಪು ಸರಿ ಕೇಳ್ಲಿಲ್ಲ ನಾನು. ಬಣ್ಣ ಹೇಳು.’

ನಾನು ಪಕ್ಕಕ್ಕೆ ಸರಿದೆ. ಅವರೇ ಎದ್ದು ಬಂದು ಬಗ್ಗಿ ನೋಡಿದರು. ಹೆಬ್ಬೆರಳು ಟಕ್ ಎಂದಿತು. ಮೂರನೆಯ ಸಾಲು ಉದ್ದಕ್ಕೂ ಹಳದಿಯಾಗಿತ್ತು. ಗೌಡರ ಎಲೆಯಷ್ಟಲ್ಲ, ಆದರೆ ಯಾರೂ ಅಲ್ಲವೆನ್ನಲಾಗದಷ್ಟು ಹಳದಿ.

‘ಹಳೇ ಪ್ಲೇಟಲ್ಲೂ ಇದು ಒಂಚೂರು ಇತ್ತು’ ಎಂದರು ನಿಧಾನವಾಗಿ. ‘ಎಲೆ ರಸದ ಬಣ್ಣ ಅಂದ್ಕೊಂಡಿದ್ದೆ.’

ರೋಗವಿಲ್ಲದ ಏಲಕ್ಕಿಯ ರಸಕ್ಕೂ ಈ ಹೊಸ ಪ್ಲೇಟು ಹಳದಿಯಾಗುತ್ತಿರಬೇಕು, ಇಲ್ಲವೇ ಡಾಕ್ಟ್ರಮ್ಮನ ಗಿಡ ರೋಗವನ್ನು ಹೊಟ್ಟೆಯಲ್ಲಿಟ್ಟುಕೊಂಡು, ತಾನು ಸೊರಗದೆ, ಗೆರೆಯನ್ನೂ ತೋರಿಸದೆ, ಅಕ್ಕಪಕ್ಕದ ತೋಟಗಳಿಗೆ ಹಂಚುತ್ತಾ ಬಂದಿರಬೇಕು. ಮೂರನೆಯ ದಾರಿ ಇರಲಿಲ್ಲ. ಇದನ್ನು ತೀರ್ಮಾನಿಸಲು ರೋಗ ಇರುವುದೇ ಸಾಧ್ಯವಿಲ್ಲದ ಒಂದು ಏಲಕ್ಕಿ ಗಿಡ ಬೇಕಿತ್ತು. ಬೀಜದ ಮೂಲಕ ಕಟ್ಟೆ ಬರುವುದಿಲ್ಲ. ಹೇನು ನುಗ್ಗದ ಬಲೆಯೊಳಗೆ ಬೀಜದಿಂದ ಎಬ್ಬಿಸಿದ ಸಸಿಗಳು ಬೇರೇನೋ ಪ್ರಯೋಗಕ್ಕೆಂದು ಹಿತ್ತಿಲಲ್ಲಿದ್ದವು. ಅವನ್ನು ಹೋಲಿಕೆಗೆ ಇಡಬಹುದೆಂದು ಅಲ್ಲಿಯವರೆಗೆ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಡಾಕ್ಟ್ರಮ್ಮನ ಗಿಡಕ್ಕಿಂತ ಶುದ್ಧವಾದ ಗಿಡ ತಾಲ್ಲೂಕಿನಲ್ಲಿ ಇನ್ನೊಂದುಂಟೇ ಎಂಬ ನಂಬಿಕೆ!

ಹೊಸ ಪ್ಲೇಟಿಗೆ ಹಾಸು ಹಾಕಿ ಫ್ರಿಜ್ಜಿನಲ್ಲಿಟ್ಟು ಮನೆಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ, ರಸಕ್ಕೇ ಬಣ್ಣ ಬರಲಿ ದೇವರೇ, ಪ್ಲೇಟೇ ಕೆಟ್ಟುಹೋಗಲಿ ಎಂದು ಬೇಡಿಕೊಂಡೆ. ಅಷ್ಟು ತಿಂಗಳು ಬೆವರು ಸುರಿಸಿ ಮಾಡಿದ ಪ್ಲೇಟು ಹಾಳಾಗಲಿ ಎಂದು ಹರಕೆ ಹೊತ್ತುಕೊಂಡವಳು ನಾನೊಬ್ಬಳೇ ಇರಬೇಕು.

ಶುಕ್ರವಾರ ಅಧ್ಯಕ್ಷರೂ ಬಂದು ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಬಣ್ಣ ಬಂತು. ಬಲೆಯ ಸಸಿಗಳ ಸಾಲು ನೀರಿನಂತೆ ತಿಳಿಯಾಗಿತ್ತು. ಡಾಕ್ಟ್ರಮ್ಮನ ಗಿಡ ಹಳದಿ. ಶೆಡ್ಡಿನಲ್ಲಿದ್ದ ರಾಶಿಯಿಂದ ಆರಿಸಿದ ಕಂದುಗಳ ಎಲೆಗಳೂ ಹಳದಿ.

ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. ‘ಇಷ್ಟು ವರ್ಷ ರೋಗಿಯನ್ನ ಪಕ್ಕದಲ್ಲಿ ಕೂರಿಸ್ಕೊಂಡು ಊರವ್ರ ನಾಡಿ ನೋಡಿದ್ದೀನಿ’ ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಅವರು ಅಳಲಿಲ್ಲ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ‘ಮೇಡಂ, ಒಂದ್ ಮಾತು. ಈ ವರ್ಷ ಕಂದು ಕಮ್ಮಿ ಬಿದ್ವು ಅಂತ ಹೇಳಿ ನಿಲ್ಸೋಣ. ಬರೋ ವರ್ಷದಿಂದ ಬೀಜದ ಸಸಿ ಕೊಡೋಣ. ಹಳೇದು ಯಾರಿಗೂ ಗೊತ್ತಾಗೋದು ಬ್ಯಾಡ. ನಿಮ್ಮ ಹೆಸರಿನ ಪ್ರಶ್ನೆ ಇದು.’

‘ಈಗಾಗ್ಲೇ ನೆಟ್ಟಿರೋ ಗಿಡಗಳು?’

ಅಧ್ಯಕ್ಷರು ಶೆಡ್ಡಿನ ಕಡೆ ನೋಡಿದರು.

‘ಅವು ಅಲ್ಲೇ ಇರ್ತವೆ. ಹೇನು ನನ್ ಹೆಸರು ನೋಡ್ಕೊಂಡು ಕೂರಲ್ಲ’ ಎಂದು ಡಾಕ್ಟ್ರಮ್ಮ ಎದ್ದರು. ‘ಜೀಪಿದ್ರೆ ಕೊಡಿ. ನಾಳೆ ಎಲ್ಲರಿಗೂ ಹೇಳೋಣ. ಅದಕ್ಕೆ ಮುಂಚೆ ಒಬ್ರಿಗೆ ಹೇಳೋದಿದೆ.’

ಜೀಪಿನಲ್ಲಿ ಶನಿವಾರಸಂತೆ ಕಡೆ ಹೋದೆವು. ಗೌಡರು ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಮನೆಯ ಹಿಂದೆ ತೋಟವಿದ್ದ ಜಾಗ ಬೋಳಾಗಿತ್ತು, ಅಲ್ಲಲ್ಲಿ ಸುಟ್ಟ ಗುರುತು. ಡಾಕ್ಟ್ರಮ್ಮನನ್ನು ನೋಡಿ ಗೌಡರು ಏಳಲಿಲ್ಲ, ಕೂತುಕೊಳ್ಳಿ ಎಂದೂ ಹೇಳಲಿಲ್ಲ. ಇವರು ಅಂಗಳದಲ್ಲಿ ನಿಂತೇ ಹೇಳಿದರು.

‘ನೀವು ಹೇಳಿದ್ದೇ ಸರಿ ಗೌಡ್ರೇ. ನನ್ ಗಿಡದಲ್ಲಿ ರೋಗ ಇದೆ. ನಿಮ್ ತೋಟಕ್ಕೆ ಅದ್ರಿಂದ್ಲೇ ಬಂದಿರ್ಬೇಕು.’

ಗೌಡರ ಕೈ ನಿಂತಿತು.

‘ಎಲ್ಡ್ ವರ್ಸದ್ ಮುಂಚೆ ಇದೇ ಮಾತು ಹೇಳಿದ್ರೆ ನನ್ ತ್ವಾಟ ಉಳೀತಿತ್ತಲ್ಲ ಡಾಕ್ಟ್ರಮ್ಮ?’

ನನಗೆ ತಡೆಯಲಾಗಲಿಲ್ಲ. ಆಗಿನ ಪ್ಲೇಟಿಗೆ ಕಾಣುತ್ತಿರಲಿಲ್ಲ ಗೌಡ್ರೇ, ಆಂಟಿಬಾಡಿಗಳು ಬೋರಲು ಬಿದ್ದಿರುತ್ತಿದ್ದವು, ಮೇಡಂ ತಿಂಗಳುಗಟ್ಟಲೆ ಕಷ್ಟಪಟ್ಟು ಹೊಸದು ಮಾಡಿದ್ದೇ ನಿಮ್ಮ ಮಾತಿನಿಂದ ಎಂದೆಲ್ಲ ಹೇಳಬೇಕೆಂದು ಬಾಯಿ ತೆರೆದೆ. ಡಾಕ್ಟ್ರಮ್ಮ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದರು. ಆ ಹಿಡಿತದಲ್ಲಿ ನೋವಾಯಿತು.

‘ಉಳೀತಿತ್ತು’ ಎಂದರು.

ಅಷ್ಟೇ. ‘ಆದರೆ’, ‘ಪಾಪ’, ‘ಏನು ಮಾಡಲಿ’ ಎಂಬ ಮಾತು ಯಾವುದೂ ಇಲ್ಲ. ಗೌಡರು ಮುಖ ತಿರುಗಿಸಿ ಮತ್ತೆ ಹಗ್ಗ ಎತ್ತಿಕೊಂಡರು. ನಾವು ಜೀಪು ಹತ್ತಿದೆವು.

ಮರುದಿನ ಬಂದ ಬೆಳೆಗಾರರ ಎದುರು ನಿಂತು ಅವರು ಎಲ್ಲವನ್ನೂ ಹೇಳಿದರು. ಕೆಲವರು ಬೈದರು. ಒಬ್ಬರಂತೂ, ನಿಮ್ಮ ಗಿಡ ನಂಬಿ ಬೇರೆಯದನ್ನೆಲ್ಲ ಕಿತ್ತೆನಲ್ಲಾ ಎಂದು ತಲೆಯ ಮೇಲೆ ಕೈಹೊತ್ತು ಕೂತರು. ಡಾಕ್ಟ್ರಮ್ಮ ಒಬ್ಬೊಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಮ್ಮ ತೋಟಕ್ಕೆ ಹೋಗಿ, ಬಸ್ಸಿನಲ್ಲಿ ಹೊತ್ತು ತಂದಿದ್ದ ಆ ಮೊದಲ ಬುಡಕ್ಕೇ ಮೊದಲು ಹಾರೆ ಹಾಕಿಸಿದರು. ಕಿತ್ತು ಸುಟ್ಟ ಹೊಗೆ ಮೂರು ದಿನ ಆಡಿತು. ಆ ಮಳೆಗಾಲವಿಡೀ ನಾವು ಊರೂರು ತಿರುಗಿ, ನಮ್ಮ ಗಿಡ ಹೋದಲ್ಲೆಲ್ಲ ಎಲೆ ಕೊಯ್ದು, ಪರೀಕ್ಷಿಸಿ, ಕೀಳಿಸಿದೆವು. ಜಿಗಣೆ ಕಚ್ಚದ ಜಾಗ ನನ್ನ ಕಾಲಿನಲ್ಲಿ ಉಳಿಯಲಿಲ್ಲ. ಬೈಗುಳ ತಿನ್ನದ ಮನೆಯೂ ಕಡಿಮೆಯೇ. ಬೀಜದ ಸಸಿಗಳು ನೆಡುವ ಹದಕ್ಕೆ ಬಂದಾಗ ಮೊದಲ ಪಾಲು ಗೌಡರಿಗೆ ಹೋಯಿತು. ಅವರು ತೆಗೆದುಕೊಂಡರು, ಆದರೆ ಡಾಕ್ಟ್ರಮ್ಮನ ಜೊತೆ ಮಾತಾಡಲಿಲ್ಲ. ವರ್ಷಕ್ಕೆರಡು ಸಲ ಎಲೆ ತರುತ್ತಿದ್ದರು, ಡಾಕ್ಟ್ರಮ್ಮ ಎದುರಿಗಿದ್ದರೂ ನನ್ನ ಕೈಗೇ ಕೊಡುತ್ತಿದ್ದರು. ಇದು ಅವರನ್ನು ನೋಯಿಸುತ್ತಿತ್ತೆಂದು ನನಗೆ ಗೊತ್ತು. ಒಮ್ಮೆಯೂ ಹೇಳಿಕೊಳ್ಳಲಿಲ್ಲ.

ಕಳೆದ ವರ್ಷ ಏಲಕ್ಕಿ ಕೊಯ್ಲಿನ ನಡುವೆ ಡಾಕ್ಟ್ರಮ್ಮ ತೀರಿಕೊಂಡರು. ಹೃದಯದ ತೊಂದರೆ, ಮೈಸೂರಿಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಲ್ಯಾಬು ನನ್ನ ಪಾಲಿಗೆ ಬಂತು. ನನಗೆ ಪಿಪೆಟ್ ಹಿಡಿಯಲು ಕಲಿಸಿದವರು ಅವರು, ಅದಕ್ಕಾಗಿ ಋಣಿ. ಆದರೆ ಅದನ್ನು ಬೇರೆ ಯಾರಾದರೂ ಕಲಿಸಬಹುದಿತ್ತು. ಗೌಡರ ಆ ಅಂಗಳದಲ್ಲಿ ಹೇಗೆ ನಿಲ್ಲಬೇಕೆಂಬುದನ್ನು ಇನ್ನಾರೂ ಕಲಿಸುತ್ತಿರಲಿಲ್ಲ.

ಅವರು ಹೋದ ಮೇಲೆ ಗೌಡರು ಎಲೆ ತಂದರು. ಬೆಂಚಿನ ಮೇಲೆ ಕೂತು ಸುತ್ತಲೂ ನೋಡಿದರು. ಕೇಳಬಾರದೆಂದುಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. ‘ಅವ್ರ ಮೇಲೆ ಸಿಟ್ಟು ಹೋಯ್ತಾ ಗೌಡ್ರೇ?’

‘ಎಲ್ಲಿ ಹೋಯ್ತದೆ?’ ಎಂದರು. ‘ತ್ವಾಟ ಹೋಗಿದ್ದು ಹೋದಂಗೇ ಅಲ್ವಾ. ಆದ್ರೂ ಎಲೇನ ಇನ್ನೆಲ್ಲಿಗ್ ತಗೊಂಡ್ ಹೋಗ್ಲಿ? ತಪ್ಪಾಗೈತೆ ಅಂತ ಮನೆ ಬಾಗ್ಲಿಗ್ ಬಂದ್ ಹೇಳ್ದೋರು ನನ್ ಜೀವ್ಮಾನದಲ್ಲಿ ಅವ್ರೊಬ್ರೇ ಕಣಮ್ಮ.’

ಪ್ಲೇಟಿನಲ್ಲಿ ಅವರ ಎಲೆಗಳಲ್ಲಿ ಒಂದು ಹಳದಿಯಾಯಿತು. ತೋಟದ ಕೆಳಗಿನ ಮೂಲೆಯ ಗಿಡ. ಮತ್ತೊಮ್ಮೆ ಮಾಡಿದೆ, ಮತ್ತೆ ಹಳದಿ. ಫೋನು ಕೈಯಲ್ಲಿತ್ತು, ಗೌಡರ ನಂಬರೂ ಇತ್ತು. ಆದರೆ ಕೊಡೆ ತೆಗೆದುಕೊಂಡು ಶನಿವಾರಸಂತೆಯ ಬಸ್ಸು ಹತ್ತಿದೆ. ಎರಡನೆಯ ಸಲವೂ ಅದೇ ಮನುಷ್ಯನಿಗೆ ಇದೇ ಸುದ್ದಿ.

ಅಂಗಳದಲ್ಲಿ ನನ್ನನ್ನು ನೋಡಿದೊಡನೆ ಗೌಡರು ಎದ್ದು ನಿಂತರು.

‘ಹಳದಿಯಾ?’

‘ಹೂಂ. ಹಳದಿ.’

ಗೌಡರು ಗೋಡೆಗೆ ಒರಗಿಸಿದ್ದ ಹಾರೆ ತೆಗೆದುಕೊಂಡರು.

‘ಬಾರವ್ವ’ ಎಂದರು, ‘ಯಾವ್ ಗಿಡ ಅಂತ ತೋರ್ಸು.’